ಜೀವ ಉಳಿಸಿದ ಹಾಡು

ಒಂದು ಹಾಡಿಗೆ ಜೀವ ಉಳಿಸೋ ಶಕ್ತಿ ಇದೆಯಾ? ಇದೆ. ಅದಕ್ಕೆ ಲೆಕ್ಕವೂ ಇದೆ.

2017ರ ಏಪ್ರಿಲ್. ಅಮೆರಿಕದ ರ‍್ಯಾಪರ್ ಲಾಜಿಕ್, ಪಾಪ್ ಗಾಯಕಿ ಅಲೆಸ್ಸಿಯಾ ಕಾರಾ, ಗಾಯಕ ಖಾಲಿದ್ ಸೇರಿ ಒಂದು ಹಾಡು ತಂದರು. ಅದರ ಹೆಸರು ಒಂದು ಫೋನ್ ನಂಬರ್: ಆಗಿನ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿಯದ್ದು.

ಹಾಡು ಕಟ್ಟಿರೋ ರೀತಿ ನೋಡಿ. ಬದುಕೇ ಸಾಕು ಅನ್ನೋ ಕರೆಯಿಂದ ಶುರು. ನಡುವೆ ಅಲೆಸ್ಸಿಯಾ ದನಿಯಲ್ಲಿ ಭರವಸೆ. ಮುಗಿಯೋ ಹೊತ್ತಿಗೆ ಅದೇ ಮನಸ್ಸಿಗೆ ಬದುಕೋ ಆಸೆ.

ಆಗಸ್ಟ್‌ನಲ್ಲಿ ಆ್ಯಂಡಿ ಹೈನ್ಸ್ ನಿರ್ದೇಶನದ ವಿಡಿಯೋ ಬಂತು. ಶಾಲೆಯ ಓಟಗಾರ ಹುಡುಗ. ಇನ್ನೊಬ್ಬ ಹುಡುಗನ ಮೇಲೆ ಪ್ರೀತಿ. ಮನೆಯಲ್ಲಿ ಸಿಟ್ಟು, ಶಾಲೆಯಲ್ಲಿ ಅವಮಾನ. ಕುಸಿದು ಹೋದವನು ಕೊನೇ ಗಳಿಗೆಯಲ್ಲಿ ಸಹಾಯವಾಣಿಗೆ ಕರೆ ಮಾಡ್ತಾನೆ. ಆ ಒಂದು ಕರೆ ಅವನನ್ನು ಬದುಕಿನ ಕಡೆಗೆ ತಿರುಗಿಸುತ್ತೆ.

ಪರಿಣಾಮ? 2021ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯ ಅಧ್ಯಯನ ಹೇಳಿದ್ದು ಇದು: ಹಾಡು ಹೆಚ್ಚು ಸುದ್ದಿಯಲ್ಲಿದ್ದ 34 ದಿನಗಳಲ್ಲಿ ಸಹಾಯವಾಣಿಗೆ 9,915 ಕರೆ ಹೆಚ್ಚು ಬಂದವು. ಆತ್ಮಹತ್ಯೆಗಳು ನಿರೀಕ್ಷೆಗಿಂತ ಅಂದಾಜು 245 ಕಡಿಮೆಯಾದವು.

ಸಾವಿನ ವಿವರ ಹರಡಿದರೆ ಅಪಾಯ ಹೆಚ್ಚುತ್ತೆ ಅಂತ ಸಂಶೋಧಕರಿಗೆ ಗೊತ್ತಿತ್ತು. ನೋವು ದಾಟಿ ಬಂದವರ ಕಥೆ ಜೀವ ಕಾಯಬಲ್ಲದು ಅನ್ನೋದಕ್ಕೆ ಈ ಹಾಡು ದೊಡ್ಡ ಸಾಕ್ಷಿ.

ನಮ್ಮ ದೇಶಕ್ಕೂ ಇಂಥ ನಂಬರ್ ಇದೆ: ಟೆಲಿ ಮಾನಸ್, 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು.

ಮನಸ್ಸು ಭಾರವಾಗಿದ್ದರೆ ಈಗಲೇ ಕರೆ ಮಾಡಿ. ಈ ನಂಬರನ್ನು ನಿಮ್ಮ ಗೆಳೆಯರಿಗೂ ಕಳಿಸಿ.