ಹೊಗೆ ಸೋಸುವ ಚಿಪ್ಪು

ತೆಂಗಿನಮರವನ್ನು ಕಲ್ಪವೃಕ್ಷವೆಂದು ಹೊಗಳುವ ಪ್ರಬಂಧವನ್ನು ನಮ್ಮ ಸೀಮೆಯ ವಿದ್ಯಾರ್ಥಿಗಳೆಲ್ಲರೂ ಪ್ರೌಢಶಾಲೆಯಲ್ಲಿ ಒಂದೆರಡು ಬಾರಿಯಾದರೂ ಬರೆದಿರುತ್ತೇವೆ. ಗರಿಯಿಂದ ಚಪ್ಪರ, ಕಡ್ಡಿಯಿಂದ ಪೊರಕೆ, ನಾರಿನಿಂದ ಹಗ್ಗ ಎಂದು ಪಟ್ಟಿ ಮಾಡುತ್ತ ಹೋಗಿ, ಕೊನೆಗೆ ‘ಚಿಪ್ಪಿನಿಂದ ಇದ್ದಲು’ ಎಂದು ಮುಗಿಸಿ ಅಂಕ ಗಿಟ್ಟಿಸಿಕೊಂಡವರಲ್ಲಿ ನಾನೂ ಒಬ್ಬ. ಆ ಕೊನೆಯ ಎರಡು ಶಬ್ದಗಳಲ್ಲಿ ಏನೇನು ಅಡಗಿದೆಯೆಂದು ನಾನು ವಿಚಾರಿಸತೊಡಗಿದ್ದು ಮಾತ್ರ ಅಂಕಕ್ಕಾಗಿ ಅಲ್ಲ, ನಮ್ಮಜ್ಜಿಯ ಕೆಮ್ಮಿನ ದೆಸೆಯಿಂದ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ರಸಾಯನಶಾಸ್ತ್ರವನ್ನು ಎರವಲು ತಂದು ಬರೆಯುತ್ತಿದ್ದೇನೆ. ತಪ್ಪು ಕಂಡರೆ ಆ ವಿಭಾಗದ ಗುರುಗಳು ಮನ್ನಿಸಿ ತಿದ್ದಬೇಕು.

ನಮ್ಮೂರು ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವೆ ಇದೆ. ಊರಿನ ಪಡುವಲ ದಿಕ್ಕಿನಲ್ಲಿ, ಒಂದು ಕೂಗಳತೆಯ ದೂರದಲ್ಲಿ, ಚಿಪ್ಪು ಸುಡುವ ಜಾಗವೊಂದಿದೆ. ಬೇಸಗೆಯಲ್ಲಿ ಅದರ ಇರವೇ ನಮಗೆ ಅಷ್ಟಾಗಿ ತಿಳಿಯುವುದಿಲ್ಲ. ಮುಂಗಾರಿನ ಪಡುವಣ ಗಾಳಿ ಎದ್ದಿತೆಂದರೆ ಅಲ್ಲಿಯ ಹೊಗೆಯೆಲ್ಲ ನೇರವಾಗಿ ನಮ್ಮ ಪಡಸಾಲೆಗೆ. ಸಂಜೆಯ ಹೊತ್ತು ನೀಲಿ ಬಿಳುಪಿನ ಮಂಜಿನಂತೆ ತೋಟದ ಮೇಲೆ ಹಾಸಿಕೊಳ್ಳುತ್ತದೆ. ನೋಡುವುದಕ್ಕೆ ಕವಿಗಳಿಗೆ ಪ್ರಿಯವಾಗಬಹುದಾದ ದೃಶ್ಯ. ಒಗೆದು ಹರವಿದ ಬಟ್ಟೆಗೆ ಮಾತ್ರ ಸುಟ್ಟ ವಾಸನೆ ಹತ್ತುತ್ತದೆ, ಅಜ್ಜಿಗೆ ಇರುಳೆಲ್ಲ ನಿದ್ದೆಯಿಲ್ಲ.

ಒಂದು ದಿನ ಧೈರ್ಯಮಾಡಿ ಆ ಜಾಗದ ಯಜಮಾನರಲ್ಲಿಗೆ ಹೋಗಿ ಈ ಮಾತನ್ನು ಎತ್ತಿದೆ. ಅವರು ಸಿಟ್ಟಾಗಲಿಲ್ಲ. ಕುಳ್ಳಿರಿಸಿ ಕಾಫಿ ತರಿಸಿಕೊಟ್ಟು, “ಏನ್ ಮರಿ, ಹೊಗೆ ಬರ್ದಂಗೆ ಇದ್ಲು ಆಯ್ತದಾ? ಮೊನ್ನೆ ನಿಮ್ಮಪ್ಪಾರೇ ಎರಡು ಟ್ರ್ಯಾಕ್ಟರ್ ಚಿಪ್ಪು ಹಾಕವ್ರೆ, ಕೇಳು ಹೋಗು” ಎಂದರು. ಕಾಫಿ ಕುಡಿದು ಹಿಂದಿರುಗಿದೆ. ಆ ಚಿಪ್ಪಿನ ದುಡ್ಡಿನಲ್ಲೇ ನನ್ನ ಹಾಸ್ಟೆಲಿನ ಬಾಕಿ ತೀರಿತ್ತೆಂಬುದು ಅನಂತರ ತಿಳಿಯಿತು.

ಉಂಡೆ ಕೊಬ್ಬರಿ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ವಿಶೇಷ. ಬಲಿತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿಯೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಲಗಲ ಎನ್ನುತ್ತದೆ. ಆಗ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪನ್ನು ಒಡೆದು ತೆಗೆಯಬೇಕು. ಉಂಡೆ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಅಂಗಳದಲ್ಲಿ ಉಳಿಯುವುದು ಚೆನ್ನಾಗಿ ಬಲಿತು ಒಣಗಿದ ಚಿಪ್ಪಿನ ರಾಶಿ. ಹಿಂದೆ ಅದು ನೀರೊಲೆಗೆ ಹೋಗುತ್ತಿತ್ತು. ಈಗ ಲಾರಿಗೆ ಹೋಗುತ್ತದೆ.

ಇದ್ದಲು ಮಾಡುವುದೆಂದರೆ ಸುಡುವುದಲ್ಲ, ಅರೆಸುಡುವುದು. ಗುಂಡಿಗೋ ಡ್ರಮ್ಮಿಗೋ ಚಿಪ್ಪು ತುಂಬಿ ಬೆಂಕಿಯಿಟ್ಟು, ಉರಿ ಹತ್ತಿದ ಮೇಲೆ ಗಾಳಿಯನ್ನು ಬಿಗಿಹಿಡಿಯುತ್ತಾರೆ. ಗಾಳಿ ಸಾಲದ್ದರಿಂದ ಚಿಪ್ಪು ಬೂದಿಯಾಗುವುದಿಲ್ಲ. ಒಳಗಿನ ನೀರು, ಟಾರು, ಅಸಿಟಿಕ್ ಆಮ್ಲ, ಮೀಥೇನ್, ಕಾರ್ಬನ್ ಮಾನಾಕ್ಸೈಡ್ ಮೊದಲಾದವು ಹೊಗೆಯಾಗಿ ಹೊರಟುಹೋಗಿ ಕರಿಯ ಇಂಗಾಲ ಉಳಿಯುತ್ತದೆ. ಗುಂಡಿಯ ಪದ್ಧತಿಯಲ್ಲಿ ಒಂದು ಸಾವಿರ ಇಡೀ ಚಿಪ್ಪಿಗೆ ಸುಮಾರು ೩೫ ಕಿಲೋ ಇದ್ದಲು ಎಂದು ತೆಂಗು ಅಭಿವೃದ್ಧಿ ಮಂಡಳಿಯ ಲೆಕ್ಕ. ಇದು ಚಿಪ್ಪಿನ ತೂಕದಲ್ಲಿ ನೂರಕ್ಕೆ ಮೂವತ್ತರಷ್ಟು. ಹತ್ತು ಸಾವಿರ ಕಾಯಿ ಒಡೆಯುವ ಮನೆಯ ಚಿಪ್ಪಿನಿಂದ ೩೫೦ ಕಿಲೋ ಇದ್ದಲು ಬಂದಿತೆಂದರೆ, ಮಿಕ್ಕ ೮೦೦ ಕಿಲೋ ಆಕಾಶಕ್ಕೆ ಹೋಯಿತೆಂದು ಅರ್ಥ. ಅದರಲ್ಲಿ ನೀರಾವಿಯ ಪಾಲೂ ದೊಡ್ಡದೇ. ಆದರೆ ಅಜ್ಜಿ ಕೆಮ್ಮುವುದು ನೀರಾವಿಗಲ್ಲ.

ಈ ಇದ್ದಲು ಎಲ್ಲಿಗೆ ಹೋಗುತ್ತದೆ? ಯಜಮಾನರನ್ನು ಕೇಳಿದ್ದಕ್ಕೆ “ಫಿಲ್ಟ್ರು ಮಾಡಕ್ಕಂತೆ” ಎಂದಿದ್ದರು. ನನ್ನ ಕುತೂಹಲ ಕೆರಳಿದ್ದು ಇಲ್ಲಿ. ತಮಿಳುನಾಡು ಮೊದಲಾದ ಕಡೆಯ ಕಾರ್ಖಾನೆಗಳಲ್ಲಿ ಇದ್ದಲನ್ನು ೮೦೦ರಿಂದ ೧,೦೦೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಟ್ಟು ಅದರ ಮೇಲೆ ಹಬೆ ಹಾಯಿಸುತ್ತಾರೆ. ಹಬೆಯು ಇಂಗಾಲವನ್ನು ಅಲ್ಲಲ್ಲಿ ಕೊರೆದು, ಕಣ್ಣಿಗೆ ಕಾಣದ ಕೋಟಿ ಕೋಟಿ ರಂಧ್ರಗಳನ್ನು ಮಾಡುತ್ತದೆ. ಹೀಗೆ ಪಟುಗೊಳಿಸಿದ ಇದ್ದಲಿಗೆ ಪೇಟೆಯ ಹೆಸರು ಆಕ್ಟಿವೇಟೆಡ್ ಕಾರ್ಬನ್. ಮೂರು ಕಿಲೋ ಇದ್ದಲು ಹಾಕಿದರೆ ಹೆಚ್ಚುಕಡಮೆ ಒಂದು ಕಿಲೋ ದೊರೆಯುತ್ತದೆ. ಅದರ ಒಂದು ಗ್ರಾಮಿನೊಳಗಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹರವಿದರೆ ಸಾವಿರ ಚದರ ಮೀಟರು, ಎಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ! ನಾಲ್ಕು ಗ್ರಾಮಿಗೆ ಒಂದು ಎಕರೆ. ವಿಷಾನಿಲದ ಅಣುಗಳು ಈ ಗೋಡೆಗಳಿಗೆ ಅಂಟಿಕೊಂಡು ಅಲ್ಲಿಯೇ ನಿಲ್ಲುತ್ತವೆ. ಪುಸ್ತಕಗಳಲ್ಲಿ ಇದನ್ನು ಅಧಿಶೋಷಣೆ ಎನ್ನುತ್ತಾರೆ. ಮರದ ಇದ್ದಲಿಗೂ ಕಲ್ಲಿದ್ದಲಿಗೂ ಈ ಗುಣವನ್ನು ಬರಿಸಬಹುದು. ತೆಂಗಿನ ಚಿಪ್ಪು ಗಟ್ಟಿಯಾದದ್ದು, ಅದರ ರಂಧ್ರಗಳು ಬಹು ಸಣ್ಣವು. ಆದ್ದರಿಂದ ಅನಿಲವನ್ನು ಹಿಡಿಯುವುದರಲ್ಲಿ ಅದಕ್ಕೆ ಮೊದಲ ಪಂಕ್ತಿ.

ಲೋಕಕ್ಕೆ ಇದರ ಬೆಲೆ ತಿಳಿದದ್ದು ಯುದ್ಧದಲ್ಲಿ. ೧೯೧೫ರ ಏಪ್ರಿಲ್ ೨೨ರಂದು ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನರು ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟರು. ಅದೇ ವರ್ಷ ರಷ್ಯದ ರಸಾಯನವಿಜ್ಞಾನಿ ನಿಕೊಲಾಯ್ ಜೆಲಿನ್‌ಸ್ಕಿ ಪಟುಗೊಳಿಸಿದ ಇದ್ದಲಿನ ಮುಖವಾಡವನ್ನು ರೂಪಿಸಿದನು. ೧೯೧೮ರಲ್ಲಿ ಅಮೆರಿಕದ ಸರ್ಕಾರವು ಪೀಚ್ ಹಣ್ಣಿನ ಓಟೆಗಳನ್ನೂ ಕಾಯಿಗಳ ಚಿಪ್ಪುಗಳನ್ನೂ ಕೂಡಿಟ್ಟು ಕೊಡಿರೆಂದು ಮನೆಮನೆಗೂ ಕರೆಯಿತ್ತಿತು. ತೆಂಗಿನ ಚಿಪ್ಪೇ ಉತ್ತಮವಾದರೂ ಬೇಕಾದಷ್ಟು ದೊರೆಯುತ್ತಿರಲಿಲ್ಲ. ಅಂದು ಸೈನಿಕರ ಪ್ರಾಣ ಉಳಿಸಿದ ವಸ್ತುವು ಇಂದು ಬಣ್ಣದ ಕಾರ್ಖಾನೆಗಳ ದ್ರಾವಕದ ಆವಿಯನ್ನೂ, ಕಸ ಸುಡುವ ಕುಲುಮೆಗಳ ಡಯಾಕ್ಸಿನ್ ಎಂಬ ವಿಷವನ್ನೂ ಹಿಡಿಯುತ್ತದೆ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿ ಪಾದರಸವಿರುತ್ತದೆ. ಅದಕ್ಕಾಗಿ ಇಂಗಾಲದ ಪುಡಿಯನ್ನು ಬಿಸಿಹೊಗೆಗೆ ಊದಿ, ಮುಂದೆ ಧೂಳಿನೊಡನೆ ಸೋಸಿ ತೆಗೆಯುತ್ತಾರೆ. ಇಲ್ಲಿ ಅಗ್ಗವಾದ ಕಲ್ಲಿದ್ದಲಿನ ಇಂಗಾಲದ ಬಳಕೆಯೇ ಹೆಚ್ಚು. ನಮ್ಮ ಚಿಪ್ಪಿನ ಪಾಲನ್ನು ಅಭಿಮಾನದಿಂದ ಹಿಗ್ಗಿಸಿ ಹೇಳಬಾರದು.

ಬಿಸಿಹೊಗೆಯನ್ನು ಸೋಸುವ ವಿದ್ಯೆಯನ್ನು ಸ್ವಲ್ಪ ವಿವರಿಸಬೇಕು. ಯಜಮಾನರ ಪ್ರಶ್ನೆಗೆ ಉತ್ತರವೂ ಅದರಲ್ಲಿಯೇ ಇದೆ. ಅಜ್ಜಿ ಕಷಾಯ ಸೋಸುವುದನ್ನು ನೋಡಿ: ಮೊದಮೊದಲು ಬಟ್ಟೆಯ ಸಂದಿನಿಂದ ಪುಡಿ ನುಸುಳುತ್ತದೆ, ಬಟ್ಟೆಯ ಮೇಲೆ ಗಷ್ಟು ಕೂತ ಮೇಲೆ ತಿಳಿಯಾಗಿ ಇಳಿಯುತ್ತದೆ. ಕಾರ್ಖಾನೆಯ ಚೀಲದ ಸೋಸುಗವೂ ಹೀಗೆಯೇ. ಆಳುದ್ದಕ್ಕಿಂತ ಉದ್ದವಾದ ನೂರಾರು ಬಟ್ಟೆಯ ಚೀಲಗಳನ್ನು ತೂಗುಹಾಕಿ ಅವುಗಳ ಮೂಲಕ ಹೊಗೆಯನ್ನು ಎಳೆಯುತ್ತಾರೆ. ಚೀಲದ ಮೇಲೆ ಕೂತ ಧೂಳಿನ ಪದರವೇ ಮುಂದಿನ ಧೂಳನ್ನು ತಡೆಯುತ್ತದೆ. ಪದರ ದಪ್ಪವಾದಾಗ ಒಳಗಿನಿಂದ ಗಾಳಿಯ ಗುದ್ದು ಕೊಟ್ಟು ಕೊಡವುತ್ತಾರೆ. ತೊಡಕು ಶಾಖದಲ್ಲಿದೆ. ಹತ್ತಿಯ ಬಟ್ಟೆ ೮೦ ಡಿಗ್ರಿಯ ಸುಮಾರಿಗೇ ಸೋಲುತ್ತದೆ, ಪಾಲಿಯೆಸ್ಟರ್ ೧೩೦ರ ಹತ್ತಿರ. ಗಾಜಿನ ನೂಲು ೨೬೦ರವರೆಗೆ ತಾಳುತ್ತದೆ. ಅದಕ್ಕೂ ಮೇಲೆ ಮಣ್ಣಿನ ಜಾತಿಯ, ಸುಟ್ಟು ಗಟ್ಟಿಮಾಡಿದ ಸಿರಾಮಿಕ್ ಕೊಳವೆಗಳೇ ಗತಿ. ಹಾಗಾದರೆ ಹೊಗೆಯನ್ನು ತಣಿಸಿಬಿಡಬಾರದೆ? ತಣಿಸಿದರೆ ಗಂಧಕದ ಆಮ್ಲವೂ ಟಾರೂ ಹನಿಗಟ್ಟಿ ಬಟ್ಟೆಯನ್ನು ಮೆತ್ತುತ್ತವೆ, ಕಬ್ಬಿಣವನ್ನು ತಿನ್ನುತ್ತವೆ. ಬಿಸಿಯಿದ್ದರೆ ಬಟ್ಟೆಗೆ ಕೇಡು, ಆರಿದರೆ ಯಂತ್ರಕ್ಕೆ ಕೇಡು. ಈ ಎರಡರ ನಡುವಣ ಇಕ್ಕಟ್ಟಿನಲ್ಲಿಯೇ ಒಂದು ದೊಡ್ಡ ಉದ್ಯಮ ಬೆಳೆದು ನಿಂತಿದೆ.

ಕೊಳ್ಳುವವರು ಯಾರು? ಇದು ನನ್ನ ಶಾಸ್ತ್ರದ ಪ್ರಶ್ನೆ. ನಮ್ಮ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಸಿಮೆಂಟಿನ ಕಾರ್ಖಾನೆಯಿರುವುದು ಎಲ್ಲರೂ ಬಲ್ಲ ವಿಷಯ. ೧೯೫೮ರಲ್ಲಿ ಸ್ಥಾಪಿತವಾದ ಮೈಸೂರು ಸಿಮೆಂಟ್ಸ್ ಕಂಪನಿಯದು. ೨೦೦೬ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಸಂಸ್ಥೆಯ ಕೈಸೇರಿತು. ಸಿಮೆಂಟಿನ ಕಸುಬಿನಲ್ಲಿ ಸೋಸುಗವೆಂದರೆ ಬರಿಯ ಖರ್ಚಲ್ಲ, ಏಕೆಂದರೆ ಅರೆಯುವ ಗಿರಣಿಯಲ್ಲಿ ಹಿಡಿದ ಧೂಳೇ ಸಿಮೆಂಟು; ಹಾರಿಹೋದದ್ದು ನಷ್ಟ. ಆದರೂ ಲಾಭದ ಆಸೆಯೊಂದರಿಂದಲೇ ಎಲ್ಲರೂ ಸೋಸಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರಿವರ್‌ಸೈಡ್ ಎಂಬ ಊರಿದೆ. ನಮಗೆ ತೆಂಗು ಹೇಗೋ ಅವರಿಗೆ ಕಿತ್ತಳೆ ಹಾಗೆ. ೧೯೧೦ರ ಆಸುಪಾಸಿನಲ್ಲಿ ಸಿಮೆಂಟಿನ ಧೂಳು ತಮ್ಮ ತೋಟಗಳ ಮೇಲೆ ಕೂರುತ್ತಿದೆಯೆಂದು ಅಲ್ಲಿಯ ಬೆಳೆಗಾರರು ನ್ಯಾಯಾಲಯಕ್ಕೆ ಹೋದರು. ಫ್ರೆಡರಿಕ್ ಕಾಟ್ರೆಲ್ ಎಂಬ ಪ್ರಾಧ್ಯಾಪಕನು ೧೯೦೮ರಲ್ಲಿ, ವಿದ್ಯುತ್ತಿನಿಂದ ಹೊಗೆಯ ಕಣಗಳನ್ನು ಸೆಳೆದು ತಟ್ಟೆಗಳಿಗೆ ಅಂಟಿಸುವ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದನು. ಕಂಪನಿಯು ದಿಕ್ಕುಗಾಣದೆ ಅದನ್ನು ಹಾಕಿಸಿತು. ಅನಂತರ ನೋಡಿದರೆ ಹಿಡಿದ ಧೂಳಿನಲ್ಲಿ ಪೊಟ್ಯಾಷ್ ಇತ್ತು. ಯುದ್ಧಕಾಲದಲ್ಲಿ ಜರ್ಮನಿಯ ಪೊಟ್ಯಾಷ್ ಬರುವುದು ನಿಂತಾಗ ಅದೇ ಗೊಬ್ಬರವಾಗಿ ಒಳ್ಳೆಯ ಬೆಲೆಗೆ ಮಾರಾಟವಾಯಿತು. ಮೊದಲು ಮೊಕದ್ದಮೆ, ಆಮೇಲೆ ಲಾಭ. ಈ ಕ್ರಮವನ್ನು ವಾಚಕರು ಗಮನಿಸಬೇಕು.

ಇಂದಿಗೂ ಹೆಚ್ಚು ವ್ಯತ್ಯಾಸವಿಲ್ಲ. ಕಾಯಿದೆ ಬಿಗಿಯಾದರೆ ಸೋಸುಗದ ಪೇಟೆ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ನಮ್ಮ ದೇಶದಲ್ಲಿ ವಾಯುಮಾಲಿನ್ಯದ ಕಾಯಿದೆ ಬಂದದ್ದು ೧೯೮೧ರಲ್ಲಿ. ವಿದ್ಯುತ್ ಸ್ಥಾವರಗಳಿಗೆ ೨೦೧೫ರ ಡಿಸೆಂಬರಿನಲ್ಲಿ ಎರಡು ವರ್ಷದ ಗಡುವಿನೊಡನೆ ಹೊಸ ಮಿತಿಗಳನ್ನು ವಿಧಿಸಿದರು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿ, ೨೦೨೫ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ಗಂಧಕದ ಹೊಗೆಯ ಮಟ್ಟಿಗೆ ವಿನಾಯಿತಿಯೇ ದೊರೆಯಿತು. ಸೋಸುಗಕ್ಕೆ ಹಣ ಕೊಡುವವನು ಅದರಿಂದ ಉಸಿರಾಡುವವನಲ್ಲ. ಇದೇ ಈ ಪೇಟೆಯ ವೈಚಿತ್ರ್ಯ. ಉಸಿರಾಡುವವನ ಬೇಡಿಕೆ ಅಂಗಡಿಯವನಿಗೆ ತಲುಪಬೇಕಾದರೆ ಸರ್ಕಾರದ ಬಾಯಿಯಿಂದಲೇ ತಲುಪಬೇಕು.

ಈಗ ನಮ್ಮೂರ ಗುಂಡಿಗೆ ಬರೋಣ. ಇದರ ಹೊಗೆಗೆ ಚೀಲ ಕಟ್ಟಿದರೆ ಟಾರು ಒಂದೇ ದಿನದಲ್ಲಿ ಅದನ್ನು ಮೆತ್ತಿಬಿಡುತ್ತದೆ. ಅದರ ಮುಂದೆ ಅದರದೇ ಇದ್ದಲನ್ನು ಪಟುಗೊಳಿಸಿ ಇಟ್ಟರೂ ಟಾರಿನಿಂದ ರಂಧ್ರ ಮುಚ್ಚುತ್ತದೆ, ಕಾರ್ಬನ್ ಮಾನಾಕ್ಸೈಡಂತೂ ಅದಕ್ಕೆ ಸಿಕ್ಕುವುದೇ ಇಲ್ಲ. ಉಳಿದದ್ದು ಸುಲಭವಾದ ದಾರಿ: ಹೊಗೆಯನ್ನೇ ಸುಡುವುದು. ಟಾರು, ಮೀಥೇನ್, ಮಾನಾಕ್ಸೈಡ್ ಇವೆಲ್ಲ ಉರಿಯುವ ವಸ್ತುಗಳೇ. ಬಾಯಿ ಮುಚ್ಚಿದ ಗೂಡಿನಲ್ಲಿ ಚಿಪ್ಪನ್ನು ಬೇಯಿಸಿ, ಹೊಗೆಯನ್ನು ಕೊಳವೆಯಲ್ಲಿ ಇಟ್ಟಿಗೆಯ ಕೋಣೆಯೊಂದಕ್ಕೆ ಒಯ್ದು, ಅಲ್ಲಿ ಸಾಕಷ್ಟು ಗಾಳಿ ಕೊಟ್ಟು ೮೦೦ ಡಿಗ್ರಿಗೂ ಮೇಲೆ ಉರಿಸಿದರೆ ಚಿಮಣಿಯಿಂದ ಬಹುಮಟ್ಟಿಗೆ ಇಂಗಾಲಾಮ್ಲವೂ ನೀರಾವಿಯೂ ಹೋಗುತ್ತವೆ. ಆ ಶಾಖವೂ ವ್ಯರ್ಥವಲ್ಲ. ತಿಪಟೂರಿನ ಸುತ್ತ ಕಾಯಿಪುಡಿಯ ಕಾರ್ಖಾನೆಗಳಿವೆ. ಪುಡಿ ಒಣಗಿಸಲು ಅವಕ್ಕೆ ದಿನವೂ ಬಿಸಿಗಾಳಿ ಬೇಕು, ಅದಕ್ಕಾಗಿ ಉರುವಲು ಉರಿಸುತ್ತಾರೆ. ಒಂದು ಕಡೆ ಉರುವಲು ಕೊಳ್ಳುತ್ತಾರೆ, ಇನ್ನೊಂದು ಕಡೆ ಅದನ್ನು ಹೊಗೆಯಾಗಿ ಬಿಡುತ್ತಾರೆ. ಎರಡನ್ನೂ ಒಂದು ಗೋಡೆಯ ಆಚೀಚೆ ಇಟ್ಟರೆ ಹೇಗೆಂದು ಯಾರಾದರೂ ಲೆಕ್ಕ ಹಾಕಬೇಕು.

ಇದನ್ನು ಯಜಮಾನರಿಗೆ ಹೇಳಿದೆ. ಈ ಸಾರಿಯೂ ಕಾಫಿ ಬಂದಿತು. ಅವರು ಮಾತಾಡದೆ ಮೇಜಿನ ಸೆಳೆಖಾನೆಯಿಂದ ಇದ್ದಲು ಕೊಳ್ಳುವವರು ಕೊಟ್ಟ ಚೀಟಿಯೊಂದನ್ನು ತೆಗೆದು ನನ್ನ ಕೈಗಿತ್ತರು. ತೇವ ಎಷ್ಟು, ಬೂದಿ ಎಷ್ಟು, ಮಣ್ಣುಕಲ್ಲು ಎಷ್ಟು, ಪುಡಿ ಎಷ್ಟು ಎಂದು ನಾಲ್ಕು ಕಲಮುಗಳು. ಒಂದೊಂದು ಹೆಚ್ಚಾದಂತೆ ಬೆಲೆಯಲ್ಲಿ ಕಡಿತ. “ಇದ್ರಾಗೆ ಹೊಗೆ ಎಲ್ಲದೆ ತೋರ್ಸು ಮರಿ. ಹೊಗೆ ಇಲ್ದೆ ಮಾಡಿದ ಇದ್ಲಿಗೆ ಕಾಸು ಜಾಸ್ತಿ ಕೊಡಲಿ, ನಾಳೆನೇ ಗೂಡು ಕಟ್ಟಿಸ್ತೀನಿ” ಎಂದರು. ನಾನು ಚೀಟಿಯನ್ನು ತಿರುಗಿಸಿ ಮರುತಿರುಗಿಸಿ ನೋಡಿದೆ. ಗಾಳಿಯನ್ನು ಶುದ್ಧಮಾಡುವ ಉದ್ಯಮದ ಕಚ್ಚಾ ಸಾಮಗ್ರಿಗೆ ಕೊಟ್ಟ ಆ ಚೀಟಿಯಲ್ಲಿ ಐದನೆಯ ಕಲಮು ಇರಲಿಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಊರಿನ ಹನ್ನೊಂದು ಮಂದಿ ರುಜು ಹಾಕಿದ ಅರ್ಜಿ ಹೋಗಿದೆ. ಗುಂಡಿ ಮುಚ್ಚಿಸಿರೆಂದಲ್ಲ, ಗೂಡೂ ಚಿಮಣಿಯೂ ಇಲ್ಲದೆ ಸಮ್ಮತಿ ಕೊಡಬೇಡಿರೆಂದು. ಮುಚ್ಚಿಸಿದರೆ ಗುಂಡಿ ಇನ್ನೊಂದು ಊರ ಪಡುವಲಿಗೆ ಹೋಗುತ್ತದೆ, ಅಷ್ಟೆ. ಹನ್ನೆರಡನೆಯ ರುಜು ಅಪ್ಪನದಾಗಬೇಕಿತ್ತು. ಅವರು ಅರ್ಜಿಯನ್ನು ಎರಡು ಸಲ ಓದಿ, “ಗೂಡಿನ ಖರ್ಚು ಕೊನೆಗೆ ಚಿಪ್ಪಿನ ಬೆಲೆಯಲ್ಲೇ ಮುರ್ಕೊತಾರೆ, ಎಷ್ಟು ಮುರ್ಕೊಂಡಾರು ನೋಡಿ ಹೇಳು” ಎಂದು ಕೇಳಿದ್ದಾರೆ. ಈ ರಜೆಯಲ್ಲಿ ಆ ಲೆಕ್ಕವನ್ನು ಹಾಕುತ್ತಿದ್ದೇನೆ. ಅಂಗಳದಲ್ಲಿ ಈ ವರ್ಷದ ಚಿಪ್ಪು ಬಿದ್ದಿದೆ. ಲಾರಿ ಇನ್ನೂ ಬಂದಿಲ್ಲ.