ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡಿ

ಮಂಗಳೂರಿನಲ್ಲಿ ಹಂಚಿನ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಬಿಜೈ, ಕದ್ರಿ, ಜೆಪ್ಪು, ಬೋಳಾರ ಎಲ್ಲಿ ಹೋದರೂ ನಿನ್ನೆ ಅಂಗಳವಿದ್ದಲ್ಲಿ ಇಂದು ಫ್ಲ್ಯಾಟು. ಮನೆ ಕೆಡವುವಾಗ ಹಂಚು ಒಂದು ಕಡೆ, ಮುರಕಲ್ಲು ಇನ್ನೊಂದು ಕಡೆ ರಾಶಿ ಬೀಳುತ್ತವೆ. ಕೆತ್ತನೆಯ ಬಾಗಿಲು, ಗಟ್ಟಿ ದಾರಂದಗಳಿಗೆ ಗಿರಾಕಿಗಳು ಮೊದಲೇ ಸಿದ್ಧ. ಉಳಿದ ರೀಪು, ಪಕ್ಕಾಸು, ಕಾಲು ಮುರಿದ ಬೆಂಚು, ಹಿಂಬದಿಯ ಹಲಗೆ ಬಾಗಿಲುಗಳ ಪಾಡೇನು? ಬಚ್ಚಲ ಒಲೆಯೇ ಗತಿ. ಅಜ್ಜಿಯ ಹೊಲಿಗೆ ಯಂತ್ರವಂತೂ ಕಬ್ಬಿಣದ ತೂಕಕ್ಕೆ ಗುಜರಿಯವನ ಗಾಡಿ ಏರುತ್ತದೆ.

ಹೀಗೆ ಹೊರಹೋಗುವ ಸಾಮಾನಿನಲ್ಲೇ ಹೈಸ್ಕೂಲು ಹುಡುಗನಿಗೋ ಹುಡುಗಿಗೋ ಸಾಕಾಗುವಷ್ಟು ಮರಗೆಲಸದ ಕೋಣೆಯೊಂದು ಅಡಗಿದೆ. ಹೊಸದಾಗಿ ಪೇಟೆಯಿಂದ ತಂದು ಕಟ್ಟುವುದಕ್ಕಿಂತ ಅದು ಅಗ್ಗ. ಅಗ್ಗ ಮಾತ್ರವಲ್ಲ, ಕರಾವಳಿಯ ಹವೆಗೆ ಹಲವು ವಿಷಯಗಳಲ್ಲಿ ಹೆಚ್ಚು ಒಗ್ಗಿದ್ದು ಕೂಡ.

ಈ ಊರಿನ ಮನೆಗಳಲ್ಲಿ ಇಷ್ಟೊಂದು ನೇರ ಕೊಯ್ದ ಮರ ಸೇರಿಕೊಳ್ಳಲು ಒಂದು ಕಾರಣ ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ನೇತ್ರಾವತಿ ದಂಡೆಯ ಮೇಲೆ ಹಂಚಿನ ಕಾರ್ಖಾನೆ ತೆರೆದ. ಅಚ್ಚಿನಲ್ಲಿ ಒತ್ತಿದ ಹಂಚುಗಳೆಲ್ಲ ಒಂದೇ ಅಳತೆಯವು. ಅವು ಒಂದರೊಳಗೊಂದು ಸಿಕ್ಕಿ ಕೂರಬೇಕಾದರೆ ಅಡಿಯ ರೀಪುಗಳೂ ಸಮ ಅಂತರದಲ್ಲಿ, ಸೊಟ್ಟವಿಲ್ಲದೆ ಇರಬೇಕು. ಮುಳಿಹುಲ್ಲಿನ ಮಾಡಿಗೆ ಇಂಥ ಶಿಸ್ತು ಬೇಕಿರಲಿಲ್ಲ. ಹಂಚಿನ ಮಾಡು ಬಂದ ಮೇಲೆ ಸುಮಾರು ಒಂದೊಂದು ಅಡಿಗೆ ಒಂದರಂತೆ ರೀಪು, ಅದರ ಕೆಳಗೆ ಪಕ್ಕಾಸು, ಅದನ್ನು ಹೊರಲು ತೊಲೆ. ಹಲಸು, ತೇಗ, ಹೆಬ್ಬಲಸು, ಕಿರಾಲ್‌ಬೋಗಿ ಹೀಗೆ ಘಟ್ಟದ ಕೆಳಗಿನ ಒಳ್ಳೆಯ ಮರಗಳೆಲ್ಲ ಮಾಡು ಸೇರಿದವು.

ಆಟಿಯಲ್ಲಿ ಬಿಗಿಯುವ ಬಾಗಿಲು

ಆಟಿ ತಿಂಗಳಲ್ಲಿ ಬಾಗಿಲು ಬಿಗಿದು ಕೂರುವುದು, ಚಳಿಗಾಲ ಬಂದೊಡನೆ ತಾನಾಗಿ ಸಡಿಲುವುದು ಮಂಗಳೂರಿಗರಿಗೆ ಹೊಸತಲ್ಲ. ಕೊಯ್ದು ಎಷ್ಟು ವರ್ಷವಾದರೂ ಮರ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಕುಗ್ಗುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ಇದ್ದಾಗ ಮರದೊಳಗಿನ ತೇವ ಅದರ ಒಣತೂಕದ ಸುಮಾರು ಶೇ. 12ಕ್ಕೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇ. 90ಕ್ಕೇರಿದರೆ ಅದು ಶೇ. 20ರ ಆಸುಪಾಸು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಈ ಏರಿಳಿತ ಪ್ರತಿವರ್ಷದ ಪಾಡು. ಉಬ್ಬುವುದು ಹಲಗೆಯ ಅಗಲದಲ್ಲಿ. ಉದ್ದದಲ್ಲಿ ವ್ಯತ್ಯಾಸ ಗೊತ್ತಾಗುವುದೇ ಇಲ್ಲ ಎನ್ನಬಹುದು.

ಹಸಿಮರದ ಹಲಗೆ ಮೊದಲ ಬಾರಿ ಒಣಗುವಾಗಲೇ ಡೊಂಕಾಗುವುದು, ಸೀಳುವುದು ಹೆಚ್ಚು. ಐವತ್ತು ಮಳೆಗಾಲ ಕಂಡ ಹಲಸಿನ ಹಲಗೆ ಈ ಗಂಡಾಂತರಗಳನ್ನೆಲ್ಲ ದಾಟಿ ಬಂದಿರುತ್ತದೆ. ಬಾಗುವುದಿದ್ದರೆ ಆಗಲೇ ಬಾಗಿದೆ. ಆಯ್ದುಕೊಳ್ಳುವವರಿಗೆ ಮೋಸವಿಲ್ಲ, ಕಣ್ಣಿಗೆ ಕಾಣುವುದೇ ಸತ್ಯ. ಆದರೆ ಬೆರಳಿನಿಂದ ಕುಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ, ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಹುಳ ಹಿಡಿದಿದೆ ಎಂದೇ ಅರ್ಥ. ಅಂಥದ್ದನ್ನು ಮನೆಯೊಳಗೆ ತರಲೇಬಾರದು.

ಮೊದಲಿಗೆ ಬೇಕಾದದ್ದು ಕೆಲಸದ ಮೇಜು. ಹಿಂದೆ ಪಟ್ಟಿ ಹೊಡೆದ ಹಲಗೆ ಬಾಗಿಲು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಚೌಕಟ್ಟಿನ ನಡುವೆ ತೆಳುಹಲಗೆ ಕೂರಿಸಿದ ಬಾಗಿಲು ಬೇಡ, ಅದರ ಮೈ ಸಮನಾಗಿರುವುದಿಲ್ಲ. ಕಾಲುಗಳಿಗೆ ಪಕ್ಕಾಸಿನ ತುಂಡುಗಳು ಸಾಕು. ಎತ್ತರ ಎಷ್ಟಿರಬೇಕು? ಮಗು ನೇರ ನಿಂತು ಕೈ ಇಳಿಬಿಟ್ಟಾಗ ಅಂಗೈ ಮೇಜಿನ ಮೇಲೆ ಊರುವಷ್ಟು. ಓದುವ ಮೇಜಿನ ಎತ್ತರ ಇದಕ್ಕೆ ಆಗಿಬರುವುದಿಲ್ಲ. ಕೀಸುಳಿ ನೂಕುವಾಗ ಮೇಜು ಅಲುಗಿದರೆ ಕೆಲಸ ಕೆಟ್ಟಿತು. ಅದಕ್ಕೂ ಮನೆಯಲ್ಲೇ ಮದ್ದಿದೆ: ಗ್ರೈಂಡರು ಬಂದ ಮೇಲೆ ಹಿತ್ತಿಲಿಗೆ ಬಿದ್ದ ಕಡೆಯುವ ಕಲ್ಲು! ಮೇಜಿನ ಕೆಳಗೆ ಅಡ್ಡಹಲಗೆ ಬಡಿದು ಅದನ್ನು ಅಲ್ಲಿಟ್ಟರೆ ಮೇಜು ಕದಲದು. ಮರದ ತುಂಡನ್ನು ಹಿಡಿದಿಡಲು ದುಬಾರಿ ವೈಸ್ ಇಲ್ಲದಿದ್ದರೂ ನಡೆಯುತ್ತದೆ. ಮೇಜಿಗೆ ಎರಡು ಅಡ್ಡಪಟ್ಟಿ ಹೊಡೆದು ನಡುವೆ ತುಂಡನ್ನಿಟ್ಟು ಬೆಣೆ ಬಡಿದರಾಯಿತು.

ಹಳೆಯ ಮರದಲ್ಲಿ ಮೊಳೆಗಳು ಅಡಗಿರುತ್ತವೆ. ಗರಗಸ ಇಡುವ ಮುನ್ನ ಅಯಸ್ಕಾಂತ ಆಡಿಸಿ ಹುಡುಕಿ ಕೀಳಬೇಕು. ಅದಕ್ಕಿಂತ ದೊಡ್ಡ ಅಪಾಯ ಬಣ್ಣದ್ದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣವನ್ನು 90 ಪಿಪಿಎಂಗೆ ಮಿತಗೊಳಿಸಿದ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಹಸಿರು, ನೀಲಿ ಎಣ್ಣೆಬಣ್ಣದ ಕಿಟಕಿ ಬಾಗಿಲುಗಳಲ್ಲಿ ಸೀಸ ಇದ್ದಿರಬಹುದು. ಅದರ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಬಣ್ಣ ಬಳಿದ ಮರವನ್ನು ಒಣದಾಗಿ ಮರಳುಕಾಗದದಿಂದ ಉಜ್ಜಬಾರದು, ಸುಡಲೂಬಾರದು. ಬಣ್ಣವಿಲ್ಲದ ರೀಪು, ಪಕ್ಕಾಸು ಬೇಕಷ್ಟು ಸಿಗುವಾಗ ಬಣ್ಣದ್ದನ್ನು ವಿದ್ಯಾರ್ಥಿಗಳ ಕೈಗೆ ಕೊಡದಿರುವುದೇ ಮೇಲು.

ಕಾಲಲ್ಲಿ ತಿರುಗುವ ಲೇಥ್

ಇನ್ನು ಅಜ್ಜಿಯ ಹೊಲಿಗೆ ಯಂತ್ರ. ಮೇಲಿನ ತಲೆ ಕೆಟ್ಟುಹೋಗಿದ್ದರೂ ಕಬ್ಬಿಣದ ಕಾಲು, ಪೆಡಲು, ದೊಡ್ಡ ಚಕ್ರ ಸಾಮಾನ್ಯವಾಗಿ ಗಟ್ಟಿಮುಟ್ಟಾಗಿಯೇ ಇರುತ್ತವೆ. ಪಾದ ಮೇಲೆ ಕೆಳಗೆ ಆಡುವುದನ್ನು ಚಕ್ರದ ಸುತ್ತಾಟವಾಗಿ ಬದಲಿಸುವ ಈ ಏರ್ಪಾಟು ಮರ ಕಡೆಯುವುದಕ್ಕೂ ಒದಗುತ್ತದೆ. ಅಮೆರಿಕದ ರಾಕ್‌ಫರ್ಡ್ ಊರಿನ ಬಾರ್ನ್ಸ್ ಸಹೋದರರ ಕಂಪೆನಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಕಾಲಲ್ಲಿ ತುಳಿಯುವ ಗರಗಸ, ಲೇಥ್‌ಗಳನ್ನೇ ಮಾಡಿ ಮಾರುತ್ತಿತ್ತು. ವಿದ್ಯುತ್ತು ಮನೆಮನೆಗೆ ಬರುವ ಮೊದಲಿನ ಮಾತದು.

ಲೆಕ್ಕ ಸುಲಭ. ಕೆಳಗಿನ ಚಕ್ರ ಸುಮಾರು 12 ಅಂಗುಲ, ಮೇಲಿನ ರಾಟೆ 3 ಅಂಗುಲ ಎಂದಿಟ್ಟುಕೊಳ್ಳಿ. ಕೆಳಗೆ ಒಂದು ಸುತ್ತಾದರೆ ಮೇಲೆ ನಾಲ್ಕು ಸುತ್ತು. ನಿಮಿಷಕ್ಕೆ 100 ಸಲ ತುಳಿದರೆ ಲೇಥ್ 400 ಸುತ್ತು ತಿರುಗುತ್ತದೆ. ಬುಗುರಿ, ಚದುರಂಗದ ಕಾಯಿ, ಉಳಿಯ ಹಿಡಿ ಕಡೆಯಲು ಇದು ಧಾರಾಳ. ಬೇರಿಂಗಿನಲ್ಲಿ ತಿರುಗುವ ಒಂದು ಮೊನೆ, ಎದುರಿಗೆ ಅಲುಗದ ಇನ್ನೊಂದು ಮೊನೆ, ಉಳಿ ಒರಗಿಸಲು ಒಂದು ಅಡ್ಡಪಟ್ಟಿ, ಇಷ್ಟನ್ನು ಹಲಸಿನ ದಿಮ್ಮಿಗಳ ಮೇಲೆ ಕೂರಿಸಿಕೊಡಲು ಪರಿಚಯದ ಆಚಾರಿಯ ನೆರವು ಬೇಕಾದೀತು. ದೊಡ್ಡ ಮೇಜಿನ ಕಾಲು ಕಡೆಯಲು ಹೊರಟರೆ ಮಾತ್ರ ಚಕ್ರದ ಭಾರ ಸಾಲದೆ ಮಧ್ಯದಲ್ಲೇ ನಿಂತುಬಿಡುತ್ತದೆ. ನಿಲ್ಲುವುದು ಒಂದು ಗುಣವೇ ಅನ್ನಿ. ಕಾಲು ತೆಗೆದರೆ ಯಂತ್ರ ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಗುತ್ತದೆ.

ಕೆಟ್ಟ ವಾಷಿಂಗ್ ಮೆಶಿನ್ನಿನ ಮೋಟಾರಿಗೆ ಈ ಗುಣವಿಲ್ಲ. ಹಳೆಯ ಮಾದರಿಯ ಇಂಡಕ್ಷನ್ ಮೋಟಾರು ಸಾಮಾನ್ಯವಾಗಿ ನಿಮಿಷಕ್ಕೆ 1,400 ಸುತ್ತಿನ ಆಸುಪಾಸಿನಲ್ಲಿ ಓಡುತ್ತದೆ. ಅದರ ಕೆಪಾಸಿಟರು ಪ್ಲಗ್ಗು ಕಿತ್ತ ಮೇಲೂ ಶಾಕ್ ಹೊಡೆಯಬಲ್ಲದು. ಮಿಕ್ಸಿಯಲ್ಲಿರುವಂಥ ಕಾರ್ಬನ್ ಬ್ರಶ್ಶಿನ ಮೋಟಾರಂತೂ ಹೊರೆಯಿಲ್ಲದೆ ಬಿಟ್ಟರೆ ಅಂಕೆಮೀರಿ ವೇಗ ಏರಿಸಿಕೊಳ್ಳುತ್ತದೆ. ಇವಕ್ಕೆ ವೃತ್ತಗರಗಸದ ಅಲಗು ಸಿಕ್ಕಿಸುವ ಸಾಹಸ ಬೇಡವೇ ಬೇಡ. ಹೈಸ್ಕೂಲು ಮುಗಿಯುವವರೆಗೆ ಕೈಗರಗಸ, ಕಾಲಿನ ಲೇಥ್ ಸಾಕು.

ಹಾಗೆಂದು ಹಳೆಯದನ್ನೆಲ್ಲ ಕೊಯ್ದು ತುಂಡು ಮಾಡುವುದೂ ತರವಲ್ಲ. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕ್ ಉದ್ಯೋಗದಲ್ಲಿದ್ದುಕೊಂಡೇ ಕೆಡವಿದ ಮನೆಗಳ ಕಂಬ, ಬಾಗಿಲುಗಳನ್ನು ಕೂಡಿಹಾಕಿ ತಮ್ಮ ಮನೆ ‘ಹಸ್ತಶಿಲ್ಪ’ವನ್ನು ಕಟ್ಟಿದರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಪರಂಪರೆಯ ಗ್ರಾಮವನ್ನು ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ಅವರು ಉಳಿಸಿದ್ದರಲ್ಲಿ ಎಷ್ಟೋ ಸಾಮಾನು ಬೇರೆಯವರ ಕಣ್ಣಿಗೆ ಬರೀ ಹಳೆ ಮರ. ಬಂಟ್ವಾಳದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲೂ ಮನೆ, ಬೇಸಾಯದ ಹಳೆಯ ಸಲಕರಣೆಗಳ ದೊಡ್ಡ ಸಂಗ್ರಹವಿದೆ. ಗರಗಸ ಹಿಡಿಯುವ ಮೊದಲು ಮಕ್ಕಳು ಇಂಥದ್ದನ್ನು ನೋಡಿಬಂದರೆ ಯಾವುದನ್ನು ಕೊಯ್ಯಬಾರದೆಂಬುದು ತಿಳಿಯುತ್ತದೆ. ಭತ್ತದ ಪತ್ತಾಯ, ಬೀಟೆಯ ಕೆತ್ತನೆ ಕುರ್ಚಿ, ಮೂಲ ಕೀಲುಗಳಿರುವ ಪೆಟ್ಟಿಗೆ ಮುರಿದಿದ್ದರೆ ರಿಪೇರಿಯಾಗಲಿ. ತುಂಡಾಗುವ ಸರದಿ ರೀಪಿನದು, ಹಿತ್ತಿಲ ಬಾಗಿಲಿನದು.

“ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಇದೆಲ್ಲ ಯಾಕೆ?” ಎಂದು ತಂದೆತಾಯಿ ಕೇಳುವುದು ಸಹಜ. ಫಿನ್ಲೆಂಡಿನ ಶಾಲೆಗಳಲ್ಲಿ ಕೈಕಸಬು ಕಡ್ಡಾಯ ಪಾಠವಾದದ್ದು 1866ರಲ್ಲಿ. ನಮ್ಮಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಬಡಗಿ, ಕುಂಬಾರರಂಥ ಸ್ಥಳೀಯ ಕಸುಬುದಾರರ ಬಳಿ ಕಲಿಯಲಿ ಎಂದು ಸೂಚಿಸಿತು. ಹತ್ತು ದಿನದಲ್ಲಿ ಉಳಿ ಹದ ಹಾಕುವುದನ್ನು ಕಲಿತರೆ ಅದೇ ಹೆಚ್ಚು. ಮನೆಯಲ್ಲಿ ಮೇಜೊಂದಿದ್ದರೆ ಭಾನುವಾರಕ್ಕೆ ಒಂದು ಗಂಟೆ ಸಿಕ್ಕೀತು.

ಮೊದಲ ಕೆಲಸಕ್ಕೆ ಮಣೆ ಒಳ್ಳೆಯದು. ಒಂದಡಿ ಅಗಲದ ಹಳೆಯ ಹಲಸಿನ ಹಲಗೆ, ಅಡಿಯಲ್ಲಿ ರೀಪಿನ ಎರಡು ಅಡ್ಡಪಟ್ಟಿ. ಪಟ್ಟಿಗೆ ಗೋಂದು ಬಳಿದು ಪೂರ್ತಿ ಅಂಟಿಸಬಾರದು. ನಡುವೆ ಒಂದು ಸ್ಕ್ರೂ ಬಿಗಿಯಾಗಿ, ಎರಡು ತುದಿಗಳಲ್ಲಿ ಪಟ್ಟಿಯ ತೂತನ್ನು ತುಸು ಉದ್ದ ಮಾಡಿ ಸಡಿಲವಾಗಿ ಸ್ಕ್ರೂ ಹಾಕಬೇಕು. ಹಲಗೆಗೆ ಉಬ್ಬಲು ಜಾಗ ಸಿಗುತ್ತದೆ. ಮೇ ತಿಂಗಳಲ್ಲಿ ಮಾಡಿ, ಹಲಗೆಯ ಅಗಲವನ್ನು ಪೆನ್ಸಿಲಿನಲ್ಲಿ ಅಡಿಮೈಗೆ ಬರೆದಿಟ್ಟು, ಆಟಿಯಲ್ಲಿ ಮತ್ತೆ ಅಳೆದು ನೋಡಿ.