ಟಿಆರ್6ರ ಡ್ಯಾಶ್‌ಬೋರ್ಡ್ ಬಿಚ್ಚಿದಾಗ

ಟ್ರಯಂಫ್ ಟಿಆರ್6 ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1968ರಿಂದ 1976ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಸಾಲಾಗಿ ಆರು ಸಿಲಿಂಡರು, ಎರಡೂವರೆ ಲೀಟರ್ ಎಂಜಿನ್, ಜರ್ಮನಿಯ ಕಾರ್ಮನ್ ಕಂಪನಿ ತಿದ್ದಿಕೊಟ್ಟ ಮೈಮಾಟ. ಹೊರಬಂದ 90 ಸಾವಿರಕ್ಕೂ ಹೆಚ್ಚು ಕಾರುಗಳಲ್ಲಿ ಬಹುಪಾಲು ಹಡಗೇರಿ ಅಮೆರಿಕಕ್ಕೆ ಹೋದವು. ಬಟ್ಟೆಯ ಚಾವಣಿ ಮಡಿಸಿಟ್ಟು ಬಿಸಿಲಿನಲ್ಲಿ ಓಡಿಸುವುದೇ ಈ ಕಾರಿನ ಸುಖ. ಆ ಬಿಸಿಲಿಗೆ ಮೊದಲು ಸೋಲುವುದು ಅದರ ಡ್ಯಾಶ್‌ಬೋರ್ಡ್.

ಪ್ಲೈವುಡ್ ಹಲಗೆ, ಅದರ ಮೇಲೆ ಅಕ್ರೋಟು ಮರದ ಕಾಗದದಷ್ಟು ತೆಳ್ಳನೆಯ ಪದರ, ಅದರ ಮೇಲೆ ವಾರ್ನಿಷ್. ಇಷ್ಟೇ ಆ ಫಲಕ. ತೇವ ಹೀರಿದಾಗ ಮರ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊಸದರಲ್ಲಿ ವಾರ್ನಿಷ್ ಕೂಡ ಅದರೊಂದಿಗೆ ಒಂದಿಷ್ಟು ಬಾಗುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ವರ್ಷಗಟ್ಟಲೆ ಬಡಿದ ಮೇಲೆ ಅದು ಗಡುಸಾಗಿ, ಮರದ ಚಲನೆಗೆ ಹೊಂದಲಾರದೆ ಬಿರಿಯುತ್ತದೆ. ಬಿರುಕಿನಲ್ಲಿ ನೀರು ಇಳಿದರೆ ಪದರವೇ ಎದ್ದುಬರುತ್ತದೆ.

ಎಂಜಿನ್ ಇಳಿಸುವುದಕ್ಕೆ ಗ್ಯಾರೇಜು ಬೇಕು. ಡ್ಯಾಶ್‌ಬೋರ್ಡ್ ಕೆಲಸ ಮನೆಯ ಮೇಜಿನ ಮೇಲೇ ಆಗುತ್ತದೆ. ಹೆಚ್ಚಿನವರು ಮರಕ್ಕೆ ಮಾತ್ರ ಹೊಳಪು ಕೊಟ್ಟು ಮುಗಿಸುತ್ತಾರೆ. ನಿಜವಾಗಿ ನೋಡಬೇಕಾದದ್ದು ಅದರ ಹಿಂದಿದೆ.

ಕೈ ಹಾಕುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಆರಂಭದ ಟಿಆರ್6ಗಳಲ್ಲಿ ಆಮೀಟರಿಗೆ ಬರುವ ದಪ್ಪ ಕಂದು ತಂತಿಗಳಲ್ಲಿ ಕೀಲಿ ತೆಗೆದ ಮೇಲೂ ವಿದ್ಯುತ್ ಇರುತ್ತದೆ. ನಡುವೆ ಫ್ಯೂಸ್ ಇಲ್ಲ. ಸ್ಪ್ಯಾನರ್ ತಗಲಿದರೆ ಕಿಡಿ, ಆಮೇಲೆ ಹೊಗೆ. ಬ್ರಿಟಿಷ್ ಕಾರುಗಳ ತಂತಿಬಣ್ಣಗಳಿಗೆ ಒಂದು ಶಿಸ್ತಿದೆ. ಬಿಳಿ ಎಂದರೆ ಕೀಲಿ ತಿರುಗಿಸಿದಾಗ ಬರುವ ವಿದ್ಯುತ್, ಹಸಿರು ಎಂದರೆ ಅದೇ ಫ್ಯೂಸ್ ದಾಟಿ ಬಂದದ್ದು, ಕೆಂಪು ಪಕ್ಕದ ದೀಪಗಳಿಗೆ, ಕಪ್ಪು ಅರ್ತಿಂಗ್. ಹಸಿರಿನ ಮೇಲೆ ಕಪ್ಪು ಗೆರೆ ಇದ್ದರೆ ಪೆಟ್ರೋಲ್ ಮೀಟರು, ನೀಲಿ ಗೆರೆ ಇದ್ದರೆ ಎಂಜಿನ್ ಬಿಸಿಯ ಮೀಟರು. ಇದನ್ನು ಅರಿತವರಿಗೆ ಅರ್ಧ ಕೆಲಸ ಸಲೀಸು. ಹಾಗಿದ್ದರೂ ಪ್ರತಿ ತಂತಿಗೆ ಚೀಟಿ ಕಟ್ಟಿ ಫೋಟೋ ತೆಗೆದುಕೊಳ್ಳುವುದೇ ಜಾಣತನ.

ಸ್ಪೀಡೋಮೀಟರನ್ನು ಮೇಜಿಗೆ ತಂದು, ಮುಂದಿನ ಲೋಹದ ಬಳೆಯನ್ನು ಸ್ವಲ್ಪ ತಿರುಗಿಸಿದರೆ ಅದರ ಹಲ್ಲುಗಳು ಕಚ್ಚುಗಳಿಗೆ ಎದುರಾಗಿ ಬಳೆ ಕಳಚಿಕೊಳ್ಳುತ್ತದೆ. ಗಾಜು ತೆಗೆದರೆ ಒಳಗೆ ಅಚ್ಚರಿಯೇ ಕಾದಿದೆ: ಮುಳ್ಳಿಗೂ ಚಕ್ರಕ್ಕೂ ನಡುವೆ ನೇರ ಜೋಡಣೆಯೇ ಇಲ್ಲ! ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ. ಅದಕ್ಕೆ ತಾಗದಂತೆ ಅಲ್ಯುಮಿನಿಯಂ ಬಟ್ಟಲೊಂದು ಕೂತಿದೆ. ಅಲ್ಯುಮಿನಿಯಂ ಆಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಆದರೆ ಆಯಸ್ಕಾಂತ ತಿರುಗಿದಾಗ ಬಟ್ಟಲಿನ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ, ಆ ವಿದ್ಯುತ್ತಿನಿಂದ ಹುಟ್ಟಿದ ಕಾಂತಬಲ ಬಟ್ಟಲನ್ನೂ ಅದೇ ದಿಕ್ಕಿಗೆ ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಒಂದು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಎರಡೂ ಬಲ ಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯವನ್ನೇ ಮುಂದೆ ಜಗತ್ತಿನ ಕೋಟ್ಯಂತರ ವಾಹನಗಳು ಬಳಸಿದವು.

ಆದ್ದರಿಂದ ಮುಳ್ಳು ಕುಣಿಯುತ್ತಿದ್ದರೆ ಮೀಟರನ್ನು ದೂರುವ ಮೊದಲು ಕೇಬಲ್ ನೋಡಬೇಕು. ಒಣಗಿದ ಅಥವಾ ಎಲ್ಲೋ ಮುರುಟಿದ ಕೇಬಲ್ ಸಮನಾಗಿ ತಿರುಗದೆ, ತಡೆದು ತಡೆದು ನೆಗೆಯುತ್ತದೆ. ಗ್ರೀಸ್ ಹಚ್ಚುವಾಗ ಮೀಟರಿನ ಕಡೆಯ ಒಂದು ಗೇಣನ್ನು ಒಣಗಿಯೇ ಬಿಡಬೇಕು. ಇಲ್ಲದಿದ್ದರೆ ಗ್ರೀಸ್ ಮೇಲೇರಿ ಬಟ್ಟಲಿಗೂ ಆಯಸ್ಕಾಂತಕ್ಕೂ ಮೆತ್ತಿಕೊಂಡು ವೇಗವನ್ನು ಸುಳ್ಳು ಹೇಳಿಸುತ್ತದೆ. ಡಯಲ್ ಮೇಲಿನ ಅಕ್ಷರಗಳನ್ನು ಥಿನ್ನರ್ ತಾಗಿಸಿದ ಬಟ್ಟೆಯಿಂದ ಒರೆಸಲೇಬಾರದು. ಕೊಳೆಯ ಜೊತೆ ಅಂಕಿಯೂ ಹೋಗುತ್ತದೆ.

ಪೆಟ್ರೋಲ್ ಮತ್ತು ಬಿಸಿಯ ಮೀಟರುಗಳದ್ದು ಬೇರೆಯೇ ದಾರಿ. ಬಿಸಿಯಾದಾಗ ಒಂದೊಂದು ಲೋಹ ಒಂದೊಂದು ಪ್ರಮಾಣದಲ್ಲಿ ಹಿಗ್ಗುತ್ತದೆ, ಹಾಗಾಗಿ ಎರಡು ಲೋಹ ಬೆಸೆದ ಪಟ್ಟಿ ಕಾದಾಗ ಬಾಗುತ್ತದೆ. ಸ್ಮಿತ್ಸ್ ಕಂಪನಿಯ ಈ ಮೀಟರುಗಳಲ್ಲಿ ಅಂಥ ಪಟ್ಟಿಗೆ ಸುತ್ತಿದ ತಂತಿ ಅದನ್ನು ಕಾಯಿಸಿ ಮುಳ್ಳನ್ನು ದೂಡುತ್ತದೆ. ಕೀಲಿ ತಿರುಗಿಸಿದ ಮೇಲೆ ಮುಳ್ಳು ನಿಧಾನವಾಗಿ ಏಳುವುದೂ, ತಿರುವಿನಲ್ಲಿ ಪೆಟ್ರೋಲ್ ತುಳುಕಿದರೂ ಅದು ಅಲುಗದಿರುವುದೂ ಇದೇ ಕಾರಣಕ್ಕೆ. ಕಾರಿನ ವೋಲ್ಟೇಜ್ ಏರಿಳಿಯುವುದರಿಂದ, ಎರಡಕ್ಕೂ ಸರಾಸರಿ 10 ವೋಲ್ಟ್ ಕೊಡಲು ಒಂದು ಪುಟ್ಟ ತಗಡಿನ ಡಬ್ಬಿ ಇದೆ. ಅದರೊಳಗೂ ಅಂಥದೇ ಪಟ್ಟಿ. ಕಾದಾಗ ಸಂಪರ್ಕ ಬಿಡುತ್ತದೆ, ತಣಿದಾಗ ಕೂಡಿಸುತ್ತದೆ. ಎರಡೂ ಮೀಟರು ಒಟ್ಟಿಗೇ ಹೆಚ್ಚು ತೋರಿಸತೊಡಗಿದರೆ ಎಂಜಿನ್ ಕಾದಿದೆಯೆಂದು ಗಾಬರಿಯಾಗುವ ಮೊದಲು ಈ ಡಬ್ಬಿಯ ಅರ್ತಿಂಗ್ ಸರಿಯಿದೆಯೇ ನೋಡಬೇಕು. ಎಷ್ಟೋ ಒಳ್ಳೆಯ ಮೀಟರುಗಳು ಇದರ ತಪ್ಪಿಗೆ ಕಸದ ಬುಟ್ಟಿ ಸೇರಿವೆ. ಡಬ್ಬಿಯೇ ಕೆಟ್ಟಿದ್ದರೆ ಹಳೆಯ ತಗಡನ್ನು ಉಳಿಸಿಕೊಂಡು ಒಳಗೆ 10 ವೋಲ್ಟಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕೂರಿಸಬಹುದು.

ಇನ್ನು ಮರ. ಹಳೆಯ ವಾರ್ನಿಷನ್ನು ಸ್ಟ್ರಿಪ್ಪರ್ ಹಚ್ಚಿ ತೆಗೆಯುವುದು ಲೇಸು. ಯಂತ್ರ ಹಿಡಿದು ಉಜ್ಜಿದರೆ ಅಕ್ರೋಟಿನ ಪದರವೇ ಸವೆದು ಪ್ಲೈವುಡ್ ಕಾಣಿಸುತ್ತದೆ. ಎಲ್ಲರೂ ಮರೆಯುವ ಜಾಗವೊಂದಿದೆ, ಮೀಟರಿನ ತೂತುಗಳ ಒಳಅಂಚು. ಕೊಯ್ದ ಪ್ಲೈವುಡ್ ತೇವ ಕುಡಿಯುವುದು ಅಲ್ಲಿಂದಲೇ, ಹಾಗಾಗಿ ಮೊದಲ ಲೇಪ ಅಲ್ಲಿಗೇ ಹೋಗಬೇಕು. ಬಳಿಕ ತೆಳ್ಳಗೆ ಹಲವು ಲೇಪ, ಪ್ರತಿ ಲೇಪ ಒಣಗಿದ ಮೇಲೆ ನುಣುಪು ಸ್ಯಾಂಡ್‌ಪೇಪರಿನಿಂದ ಹಗುರ ಉಜ್ಜು. ಕನ್ನಡಿಯಂತೆ ಮಿರುಗಿಸುವ ಆಸೆ ಬಹಳ ಜನಕ್ಕಿದೆ. ಕಾರ್ಖಾನೆಯಿಂದ ಬಂದಾಗ ಟಿಆರ್6ರ ಫಲಕಕ್ಕೆ ಅಷ್ಟು ಹೊಳಪಿರಲಿಲ್ಲ. ತೆರೆದ ಕಾರಿನಲ್ಲಿ ಮಂದ ಹೊಳಪೇ ಕಣ್ಣಿಗೂ ಹಿತ.

ಮೀಟರು ಬಿಚ್ಚಿದವರಿಗೆ ಓಡೋಮೀಟರಿನ ಅಂಕಿಗಳೂ ಬೆರಳಿಗೆ ಸಿಗುತ್ತವೆ. ಅವನ್ನು ದಯವಿಟ್ಟು ತಿರುಗಿಸಬೇಡಿ, ಅದು ಕಾರಿನ ದಾಖಲೆ. ಈ ಕಾರುಗಳ ಬಹುಪಾಲು ಹೋಗಿ ಸೇರಿದ ಅಮೆರಿಕದಲ್ಲಿ, ವಂಚಿಸಲೆಂದು ಅಂಕಿ ಬದಲಿಸುವುದು 1972ರ ಕಾನೂನು ಬಂದಂದಿನಿಂದ ನಿಷಿದ್ಧ. ರಿಪೇರಿಯ ನಂತರ ಹಳೆಯ ಅಂಕಿ ಉಳಿಸಲಾಗದಿದ್ದರೆ ಓಡೋಮೀಟರನ್ನು ಸೊನ್ನೆಗೆ ತಂದು, ಹಿಂದಿನ ಮೈಲಿಗಳನ್ನೂ ರಿಪೇರಿಯ ದಿನಾಂಕವನ್ನೂ ಬರೆದ ಚೀಟಿಯನ್ನು ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕು.